‘ವಾಸನೆ ಇಲ್ಲ’ ಅಂತ ಬರೆಯೋ ಮುಂಚೆ

ಭಾಗ 1/8

ಫೋಟೋದೊಳಗೆ ನನ್ನ ಕೆನ್ನೆ ಮೇಲೆ ಕಾಣೋ ಗೆರೆ ಆಪ್‌ನ ಫಿಲ್ಟರ್ ಅಲ್ರಿ. ಆರು ತಾಸು ಎನ್-95 ಹಾಕ್ಕೊಂಡು ವಾರ್ಡಿನಾಗ ನಿಂತ ಗುರುತು. ಡ್ಯೂಟಿ ಮುಗಿಸಿ ಹಾಸ್ಟೆಲ್ಲಿಗೆ ಬಂದು, ಮಾಸ್ಕ್ ಬಿಚ್ಚಿದ ಕೂಡ್ಲೇ ರೂಮ್‌ಮೇಟ್ ಹೊಡೆದ ಫೋಟೋ ಇದು.

ಮಾಸ್ಕ್ ಬಿಚ್ಚಿದ ಆ ಒಂದು ನಿಮಿಷ ನಿಮಗೂ ಗೊತ್ತದ ಅಲ್ಲ? ಎಲ್ಲಾ ವಾಸನೆ ಒಮ್ಮೆಲೇ ಮೂಗಿಗೆ ಬಡಿತಾವ. ಕೈಗೆ ಹತ್ತಿದ ಸ್ಪಿರಿಟ್, ಯೂನಿಫಾರ್ಮಿನ ಫಿನಾಯಿಲ್, ಮೆಸ್ಸಿನಾಗ ಕುದಿಯೋ ತೊಗರಿ ಬೇಳೆ, ಬಾಜೂಕಿನ ಹುಡುಗಿ ತಲೆಗೆ ಹಚ್ಕೊಂಡ ಕೊಬ್ಬರಿ ಎಣ್ಣೆ. ಅಂದ್ರ ಸ್ಪಿರಿಟ್ಟು, ಫಿನಾಯಿಲು ಮುಂಜಾನಿಂದ ನನ್ನ ಮೈಮೇಲೇ ಇದ್ವು. ನನಗೆ ಗೊತ್ತಾಗಿರಲಿಲ್ಲ, ಅಷ್ಟೇ.

ನಮ್ಮ ರೂಮಿನಾಗ ಕಲಬುರಗಿ ಜಿಲ್ಲೆಯ ಮೂರು ತಾಲೂಕು ಅವ. ನಾನು ಆಳಂದ ಕಡೆಯಾಕಿ. ಒಬ್ಬಾಕಿ ಅಫಜಲಪುರ, ಇನ್ನೊಬ್ಬಾಕಿ ಜೇವರ್ಗಿ. ಮೂವರೂ ನರ್ಸಿಂಗ್ ಕೊನೇ ವರ್ಷ. ಹೋದ ವಾರ ರಾತ್ರಿ ಊಟಕ್ಕೆ ಕೂತಾಗ ಒಂದು ಪ್ರಶ್ನೆ ಬಂತು: ನಾಲ್ಕು ವರ್ಷ ನಾಡಿ ನೋಡೋದು ಕಲಿಸಿದ್ರು, ಬಿಪಿ ಕಲಿಸಿದ್ರು, ಕಣ್ಣಿನ ರೆಪ್ಪೆ ಎಳೆದು ರಕ್ತ ಕಡಿಮೆ ಅದೋ ಇಲ್ಲೋ ನೋಡೋದು ಕಲಿಸಿದ್ರು. ಮೂಗಿನ ಬಗ್ಗೆ ಯಾರಾದ್ರೂ ಒಂದು ಕ್ಲಾಸ್ ತಗೊಂಡ್ರೇನು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳಾಡೋಣ. ಮಾಸ್ಕ್ ತೆಗೀಬ್ಯಾಡ್ರಿ. ಆದ್ರ ಮಾಸ್ಕ್ ಹಾಕ್ಕೊಂಡಾಗ ನಿಮ್ಮ ಮೂಗು ಅರ್ಧ ರಜೆ ಮೇಲೆ ಇರ್ತದ ಅನ್ನೋದನ್ನೂ ಮರೀಬ್ಯಾಡ್ರಿ. ಇದನ್ನ ಮರೆತು ನಮ್ಮ ಮನೆಯಾಗ ಒಂದು ತಪ್ಪಾಯ್ತು, ವಾರ್ಡಿನಾಗ ನನ್ನಿಂದ ಇನ್ನೊಂದು ತಪ್ಪಾಯ್ತು. ಎರಡೂ ಹೇಳ್ತೀನಿ.

ಭಾಗ 2/8

ಮೊದಲು ಮನೆಯದ್ದು.

2020ರ ಮಾರ್ಚ್ 10ಕ್ಕೆ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡ್ರು. ಎರಡು ದಿನ ಬಿಟ್ಟು ರಿಪೋರ್ಟ್ ಬಂತು. ದೇಶದ ಮೊದಲ ಕೋವಿಡ್ ಸಾವು ನಮ್ಮೂರಿನದು ಅಂತ ಎಲ್ಲಾ ಟಿವಿಯೊಳಗೂ ಬಂತು. ಅವತ್ತಿನಿಂದ ನಮ್ಮ ಅವ್ವಗ ಸರಿಯಾಗಿ ನಿದ್ದಿ ಇಲ್ಲ, ಯಾಕಂದ್ರ ಅವ್ವ ಆಶಾ ಕಾರ್ಯಕರ್ತೆ. ಮನಿಮನಿ ಸರ್ವೆ, ಹೊರಗಿಂದ ಬಂದವರ ಪಟ್ಟಿ, ಬಾಗಿಲಿಗೆ ಚೀಟಿ ಅಂಟಿಸೋದು ಎಲ್ಲಾ ಅವರ ತಲೆ ಮೇಲೇ ಬಂತು. ಆ ವರ್ಷ ಜುಲೈದಾಗ ರಾಜ್ಯದ ಆಶಾಗಳು ಮುಷ್ಕರ ಮಾಡಿದ್ದು ನೆನಪಿರಬಹುದು. ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡ್ರಿ, ಜೊತೆಗೆ ಸುರಕ್ಷತಾ ಸಾಮಾನು ಕೊಡ್ರಿ ಅಂತ. ಸುರಕ್ಷತಾ ಸಾಮಾನು ಅಂದ್ರ ಮುಖ್ಯವಾಗಿ ಮಾಸ್ಕು.

2021ರ ಮೇ. ಎರಡನೇ ಅಲೆ. ನಾನು ಆಗ ಪಿಯುಸಿ, ಪರೀಕ್ಷೆ ಬರೀದೇ ಪಾಸಾದ ಬ್ಯಾಚ್ ನಮ್ಮದು (ನಗಬ್ಯಾಡ್ರಿ). ಅವ್ವ ಒಂದರ ಮೇಲೊಂದು ಎರಡು ಮಾಸ್ಕ್ ಹಾಕ್ಕೊಂಡು ಮುಂಜಾನೆ ಹೋದ್ರ ಸಂಜೀಗೆ ಬರ್ತಿದ್ಲು. ಒಂದಿನ ಬಂದಾಕಿನೇ ಹೇಳಿದ್ಲು, ‘ಏನ್ ಮಾಸ್ಕೋ ಏನೋ ಯವ್ವಾ, ಇದನ್ನ ಹಾಕ್ಕೊಂಡು ಹಾಕ್ಕೊಂಡು ಮೂಗೇ ಸತ್ತಂಗ ಆಗ್ಯಾದ.’ ನಾನೂ ಹ್ಞೂಂ ಅಂದೆ. ಬಿಸಿಲು 42 ಡಿಗ್ರಿ, ಎರಡು ಮಾಸ್ಕ್, ಮೂಗು ಸಾಯದೇ ಏನಾಗ್ತದ?

ಮರುದಿನ ಮತ್ತೆ ಸರ್ವೆಗೆ ಹೋದ್ಲು.

ಮೂರನೇ ದಿನ ಸಂಜೆ ಒಲೆ ಮುಂದೆ ನಿಂತಿದ್ಲು. ನಾನು ಹೊರಗೆ ಪಡಸಾಲ್ಯಾಗ ಕೂತಿದ್ದೆ. ಬೇಳೆ ತಳ ಹತ್ತಿದ ವಾಸನೆ ನನಗೇ ಅಲ್ಲೀ ತನಕ ಬಂತು. ಓಡಿ ಹೋಗಿ ನೋಡಿದ್ರ ಅವ್ವ ಪಾತ್ರೆ ಪಕ್ಕದಾಗೇ ನಿಂತು ರೊಟ್ಟಿ ಬಡೀಲಿಕತ್ತಾಳ. ಹೊಗೆ ಕಣ್ಣಿಗೆ ಬಿದ್ದ ಮೇಲೇ ಬೆಚ್ಚಿಬಿದ್ಲು.

ಅವಾಗ ಅವ್ವನ ಮುಖದ ಮೇಲೆ ಮಾಸ್ಕ್ ಇರಲಿಲ್ಲ.

ಭಾಗ 3/8

ಟೆಸ್ಟ್ ಮಾಡಿಸಿದ್ವಿ, ಪಾಸಿಟಿವ್ ಬಂತು. ಐದು ದಿನಕ್ಕೆ ನಮ್ಮ ಆಯಿಗೂ ಜ್ವರ. ಆಯಿ ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದು ಮನೆಗೆ ಬಂದ್ಲು. ದೇವರ ದಯೆ, ಇವತ್ತಿಗೂ ಗಟ್ಟಿ ಇದ್ದಾಳ. ಆಯಿಗೆ ಯಾರಿಂದ ಬಂತು ಅಂತ ಯಾರೂ ಹೇಳಲಿಕ್ಕೆ ಆಗಲ್ಲ. ಆದ್ರ ಅವ್ವ ಆ ಎರಡು ದಿನದಾಗ ಹೋದ ಮನೆಗಳನ್ನ ಇನ್ನೂ ಎಣಿಸ್ತಾಳ. ‘ಗಂಟಲು ಕೆರದಿದ್ರ, ಜ್ವರ ಬಂದಿದ್ರ ನಾ ಹೋಗ್ತಿದ್ದಿಲ್ಲ ಯವ್ವಾ. ವಾಸನಿ ಅಂದ್ರ ಮಾಸ್ಕಿಂದು ಅಂದ್ಕೊಂಡೆ’ ಅಂತಾಳ. ಮನೆಗೆ ಬಂದು ಮಾಸ್ಕ್ ತೆಗೆದ ಮೇಲೂ ವಾಸನೆ ಯಾಕ ಬರವಲ್ದು ಅಂತ ಆ ಎರಡು ದಿನ ಅವ್ವನೂ ಕೇಳ್ಕೊಳ್ಳಲಿಲ್ಲ, ನಾನೂ ಕೇಳಲಿಲ್ಲ.

ವಾಸನೆ ಹೋಗೋದು ಕೋವಿಡ್ ಲಕ್ಷಣ ಅಂತ ಕೇಂದ್ರ ಆರೋಗ್ಯ ಸಚಿವಾಲಯ 2020ರ ಜೂನ್ 13ಕ್ಕೇ ಪಟ್ಟಿಗೆ ಸೇರಿಸಿತ್ತು. ಸರ್ವೆ ಮಾಡುವಾಗ ಬೇರೆಯವರಿಗೆ ಅವ್ವನೇ ಈ ಪ್ರಶ್ನೆ ಕೇಳ್ತಿದ್ಲು. ತನಗೆ ತಾನೇ ಕೇಳ್ಕೊಳ್ಳಲಿಲ್ಲ. ಕಾರಣ ಕೈಗೆ ಸಿಗೋ ಹಂಗಿತ್ತು, ಅದೂ ಮುಖದ ಮೇಲೇ ಇತ್ತು.

ಈಗ ನನ್ನ ತಪ್ಪು.

ಎರಡನೇ ವರ್ಷದ ಪೋಸ್ಟಿಂಗ್. ಯಾವ ದವಾಖಾನೆ ಅಂತ ಕೇಳಬ್ಯಾಡ್ರಿ, ತಪ್ಪು ನನ್ನದು. ಸಕ್ಕರೆ ಕಾಯಿಲೆಯ ಕಾಕಾ ಒಬ್ಬರು, ಕಾಲಿಗೆ ಗಾಯ. ಮುಂಜಾನೆ ನಾನು ಡ್ರೆಸ್ಸಿಂಗ್ ಮೇಲಿಂದ ನೋಡಿದೆ, ಪಟ್ಟಿ ಒಣಗೇ ಇತ್ತು. ಚಾರ್ಟಿನಾಗ ಬರೆದೆ: ‘ಸ್ರಾವ ಇಲ್ಲ, ದುರ್ವಾಸನೆ ಇಲ್ಲ.’ ಮುಂದಿನ ಬೆಡ್ಡಿಗೆ ಹೋದೆ.

ಕಾಕಾನ ಹೆಂಡ್ತಿ ಹಿಂದೆ ಬಂದು ಸೆರಗು ಮೂಗಿಗೆ ಹಿಡ್ಕೊಂಡು ಹೇಳಿದ್ರು, ‘ಯವ್ವಾ, ರಾತ್ರಿಯಿಂದ ಕಾಲು ಕೊಳತ ವಾಸನಿ ಬರ್ಲಿಕತ್ತದ. ನಿಂಗ ಬರವಲ್ದೇನು?’

ನನ್ನ ಮುಖದ ಮೇಲೆ ಎನ್-95, ಅದರ ಮೇಲೆ ಸರ್ಜಿಕಲ್ ಮಾಸ್ಕ್. ನನಗೆ ಬರ್ತಿರಲಿಲ್ಲ. ಸಿಸ್ಟರ್ ಬಂದು ಪಟ್ಟಿ ಬಿಚ್ಚಿದ್ರು. ಒಳಗಿನ ಗಾಜ್ ಹಸಿರು ಬಣ್ಣಕ್ಕೆ ತಿರುಗಿತ್ತು.

ಕಾಕಾನ ಕಾಲು ಉಳೀತು, ಅವತ್ತೇ ನೋಡಿದ್ದಕ್ಕೆ. ಆದ್ರ ನನ್ನ ಚಾರ್ಟ್ ನಂಬಿದ್ದರೆ ಮರುದಿನ ತನಕ ಯಾರೂ ಬಿಚ್ಚುತ್ತಿರಲಿಲ್ಲ.

ಭಾಗ 4/8

ಸ್ವಲ್ಪ ವಿಜ್ಞಾನ. ಬೋರ್ ಆಗಲ್ಲ, ಪ್ರಾಮಿಸ್.

ಬಹಳ ಮಂದಿ ತಿಳ್ಕೊಂಡಿರೋದು ಹೆಂಗಂದ್ರ, ಮಾಸ್ಕ್ ವೈರಸ್ ಹಿಡೀತದ, ಹಂಗಾದ್ರ ವಾಸನೆನೂ ಹಿಡೀತದ ಅಂತ. ಇಲ್ರಿ. ಎನ್-95ರ ಹೆಸರಿನಾಗಿನ 95 ಅಂದ್ರ ಸುಮಾರು 0.3 ಮೈಕ್ರಾನಿನ ಕಣಗಳಲ್ಲಿ ಕನಿಷ್ಠ ಶೇ. 95 ಹಿಡೀತದ ಅಂತ. 0.3 ಮೈಕ್ರಾನ್ ಅಂದ್ರ 300 ನ್ಯಾನೋಮೀಟರ್. ವಾಸನೆಯ ಅಣು ಇರೋದು ಒಂದು ನ್ಯಾನೋಮೀಟರಿನ ಆಸುಪಾಸು. ಅದು ಕಣ ಅಲ್ಲ, ಗಾಳಿಯೊಳಗೆ ಬೆರೆತ ಆವಿ. ಜೋಳ ಸೋಸೋ ಜರಡಿಯೊಳಗೆ ಹೊಗೆ ನಿಲ್ತದೇನು? ಹಂಗೇ ಇದು.

ಮಾಸ್ಕ್ ಸರಿಯಾಗಿ ಕೂತದೋ ಇಲ್ಲೋ ನೋಡೋ ಫಿಟ್ ಟೆಸ್ಟ್ ಕೇಳೀರೇನು? ತಲೆ ಮೇಲೆ ಒಂದು ಕವಚ ಹಾಕಿ, ಒಳಗೆ ಸ್ಯಾಕರಿನ್ ನೀರಿನ ಸಣ್ಣ ಹನಿ ಸಿಂಪಡಿಸ್ತಾರ. ಬಾಯಿಗೆ ಸಿಹಿ ಹತ್ತಿದ್ರ ಮಾಸ್ಕ್ ಲೀಕ್ ಅದ ಅಂತ ಅರ್ಥ. ಎನ್-95ಕ್ಕೆ ವಾಸನೆಯಿಂದ ಯಾಕ ಟೆಸ್ಟ್ ಮಾಡಲ್ಲ? ಮಾಸ್ಕ್ ಸರಿಯಾಗೇ ಇದ್ದರೂ ವಾಸನೆ ಒಳಗೆ ಬರ್ತದ, ಅದಕ್ಕೆ. ಬಾಳೆಹಣ್ಣಿನ ವಾಸನೆಯ ರಾಸಾಯನಿಕದಿಂದ ಟೆಸ್ಟ್ ಮಾಡೋದು ಇದ್ದಿಲಿನ ಡಬ್ಬಿ ಹಚ್ಚಿದ ಗ್ಯಾಸ್ ಮಾಸ್ಕಿಗೆ.

ಊರಿಗೆ ಹೋದಾಗ ಇದನ್ನ ಅಪ್ಪಗ, ಕಾಕಾಗ ಹೇಳ್ರಿ. ಹತ್ತಿಗೆ, ತೊಗರಿಗೆ ಎಣ್ಣೆ ಹೊಡಿಯುವಾಗ ಮೂಗಿಗೆ ಟವೆಲ್ ಕಟ್ಕೋತಾರಲ್ಲ, ಅದು ಆವಿ ತಡಿಯಲ್ಲ. ಎನ್-95 ಕೂಡ ತಡಿಯಲ್ಲ. ವಾಸನೆ ಬರ್ಲಿಕತ್ತದ ಅಂದ್ರ ಔಷಧನೂ ಒಳಗೆ ಬರ್ಲಿಕತ್ತದ.

ಹಂಗಾದ್ರ ವಾರ್ಡಿನಾಗ ನನಗೆ ಯಾಕ ವಾಸನೆ ಬರಲಿಲ್ಲ?

ಭಾಗ 5/8

ವಾಸನೆ ಹಿಡಿಯೋ ಜಾಗ ಇರೋದು ಮೂಗಿನ ಒಳಗೆ ತೀರಾ ಮೇಲೆ, ಅಂಚೆ ಚೀಟಿಯಷ್ಟು ಜಾಗ. ಸಹಜವಾಗಿ ಉಸಿರಾಡುವಾಗ ಸ್ವಲ್ಪ ಗಾಳಿ ಮಾತ್ರ ಅಲ್ಲಿಗೆ ಮುಟ್ತದ. ಅದಕ್ಕೇ ಏನಾದ್ರೂ ವಾಸನೆ ಬಂದ್ರ ನಾವು ‘ಸ್ಞ್ ಸ್ಞ್’ ಅಂತ ಎಳೀತೀವಿ. ಹಂಗ ಎಳೆದಾಗ ಗಾಳಿ ಮೇಲಕ್ಕೆ ಏರ್ತದ. ಮಾಸ್ಕ್ ಹಾಕ್ಕೊಂಡು ಎಳೆದು ನೋಡ್ರಿ, ಗಾಳಿ ತಡೆದು ಬರ್ತದ. ಮಾಸ್ಕೇ ಮುಖಕ್ಕೆ ಅಂಟ್ಕೋತದ.

ಎರಡನೇದು, ಮಾಸ್ಕಿನ ಒಳಗೆ ನಾವೇ ಬಿಟ್ಟ ಬಿಸಿ ಗಾಳಿ ನಿಂತಿರ್ತದ. ಹೊರಗಿನ ಗಾಳಿ ಅದರ ಜೊತೆ ಬೆರೆತು ತೆಳ್ಳಗಾಗಿ ಬರ್ತದ. ಮೂರನೇದು, ಮಾಸ್ಕಿಗೆ ತನ್ನದೇ ವಾಸನೆ ಅದ. ಪ್ಲಾಸ್ಟಿಕ್ಕಿಂದು, ಮುಂಜಾನೆ ತಿಂದ ಸುಸಲಾದ ಉಳ್ಳಾಗಡ್ಡಿದು. ನಾಲ್ಕನೇದು, ಉಸಿರು ಕಟ್ಟಿದಂಗ ಆದಾಗ ನಮಗೆ ಗೊತ್ತಿಲ್ಲದಂಗೇ ಬಾಯಿಂದ ಉಸಿರಾಡ್ತೀವಿ. ಬಾಯಿಂದ ಎಳೆದ ಗಾಳಿ ಮೂಗಿನ ಮೇಲ್ಭಾಗಕ್ಕೆ ಹೋಗೋದೇ ಇಲ್ಲ.

ನಂಬಿಕೆ ಬರದಿದ್ರ ನಾವು ಮಾಡಿದ್ದು ಮಾಡಿ ನೋಡ್ರಿ. ರೂಮಿನಾಗ ಆರು ಸ್ಟೀಲ್ ಡಬ್ಬಿ: ಇಂಗು, ಲವಂಗ, ಚಹಾಪುಡಿ, ಶೇಂಗಾ ಹಿಂಡಿ, ಕೊತ್ತಂಬರಿ, ತಳ ಹತ್ತಿದ ಬೇಳೆ. ಕಣ್ಣಿಗೆ ದುಪಟ್ಟಾ ಕಟ್ಟಿ ಒಬ್ಬೊಬ್ಬರೇ ಹೇಳೋದು. ಇಂಗು, ಲವಂಗ ಎನ್-95 ಹಾಕ್ಕೊಂಡ್ರೂ ಮೂವರಿಗೂ ಸಿಕ್ಕವು. ಆದ್ರ ಬರಿ ಮೂಗಿಗೆ ಒಂದು ಮೊಳ ದೂರದಿಂದ ಸಿಕ್ಕ ಚಹಾಪುಡಿ, ಮಾಸ್ಕ್ ಹಾಕ್ಕೊಂಡಾಗ ಮೂಗಿನ ಹತ್ತಿರಕ್ಕೇ ತರಬೇಕಾಯ್ತು. ಕೊತ್ತಂಬರಿ ಇಬ್ಬರಿಗೆ ತಪ್ಪಿತು. ತಳ ಹತ್ತಿದ ಬೇಳೆ ನನಗೇ ಸಿಗಲಿಲ್ಲ! ಜೇವರ್ಗಿಯಾಕಿ ಸರ್ಜಿಕಲ್ ಮಾಸ್ಕಿನಾಗ ಎಲ್ಲಾ ಹೇಳಿದ್ಲು, ಎನ್-95 ಹಾಕಿದ ಮೇಲೆ ಎರಡು ತಪ್ಪಿದ್ಲು.

ಮೂರು ಹುಡುಗಿಯರು, ಆರು ಡಬ್ಬಿ. ಇದು ಸಂಶೋಧನೆ ಅಲ್ಲ, ಆಟ. ಆದ್ರ ಆಟದಾಗ ಒಂದು ಮಾತು ಚೆನ್ನಾಗಿ ಗೊತ್ತಾಯ್ತು: ಜೋರಾದ ವಾಸನೆ ಮಾಸ್ಕ್ ದಾಟಿ ಬರ್ತದ, ಸಣ್ಣ ವಾಸನೆ ತಪ್ಪಿಸ್ಕೋತದ. ಕಾಯಿಲೆ ಶುರುವಾಗೋದು ಸಣ್ಣ ವಾಸನೆಯಿಂದಲೇ ಅಲ್ಲೇನು?

ಭಾಗ 6/8

‘ಈಗ ಮಷೀನ್ ಅವ, ಲ್ಯಾಬ್ ಅದ, ಮೂಗು ಯಾಕ ಬೇಕು?’ ಅಂತ ಒಬ್ಬ ಕ್ಲಾಸ್‌ಮೇಟ್ ಕೇಳಿದ. ಸರಿ. ರಾತ್ರಿ ಎರಡು ಗಂಟೆಗೆ ತಾಲೂಕಿನ ಕ್ಯಾಜುವಾಲ್ಟಿಗೆ ಬಾ ಅಣ್ಣಾ, ತೋರಿಸ್ತೀನಿ.

ಹೊಲದಿಂದ ಎತ್ಕೊಂಡು ಬಂದಾರ, ಬಾಯಾಗ ನೊರೆ, ಕಣ್ಣಿನ ಪಾಪೆ ಸಣ್ಣಗಾಗ್ಯಾದ. ಏನು ಕುಡಿದಾನ ಅಂತ ಮನೆಯವರು ಬಾಯಿ ಬಿಡವಲ್ರು. ಬೆಳ್ಳುಳ್ಳಿ ಅಥವಾ ಸೀಮೆಎಣ್ಣೆಯಂಥ ವಾಸನೆ ಬಂದ್ರ ಕೀಟನಾಶಕದ ಅನುಮಾನ ಗಟ್ಟಿ ಆಗ್ತದ. ಸಕ್ಕರೆ ಕಾಯಿಲೆಯವರು ಅರೆಪ್ರಜ್ಞೆಯಾಗಿ ಬಂದು, ಉಸಿರು ಮಾಗಿದ ಹಣ್ಣಿನಂಗ ಅಥವಾ ನೇಲ್ ಪಾಲಿಶ್ ತೆಗೆಯೋ ದ್ರವದಂಗ ನಾರಿದ್ರ ರಕ್ತದಾಗ ಕೀಟೋನ್ ಏರಿರಬಹುದು. ಕಿಡ್ನಿ ಕೈ ಕೊಟ್ಟವರ ಉಸಿರಿಗೆ ಉಚ್ಚೆಯಂಥ ವಾಸನೆ. ಹೊಟ್ಟೆಯೊಳಗೆ ರಕ್ತಸ್ರಾವ ಆದವರ ಡಾಂಬರಿನಂಥ ಕರಿ ಮಲದ ವಾಸನೆಯನ್ನ ಒಮ್ಮೆ ನೋಡಿದ ಸಿಸ್ಟರ್ ಮರೆಯಲ್ಲ. ಹಸಿರು ಕೀವು, ಅದಕ್ಕೆ ಒಂಥರಾ ಸಿಹಿ ವಾಸನೆ ಇದ್ದರೆ ಸ್ಯೂಡೊಮೊನಾಸ್ ಇರಬಹುದು. ಕಾಕಾನ ಪಟ್ಟಿ ನೆನಪಾಯ್ತೇನು?

ಇವು ಯಾವೂ ರೋಗ ಖಾತ್ರಿ ಮಾಡಲ್ಲ. ಲ್ಯಾಬ್ ಬೇಕೇ ಬೇಕು. ಆದ್ರ ಯಾವ ಟೆಸ್ಟ್ ಮೊದಲು ಕಳಿಸಬೇಕು, ಡಾಕ್ಟರ್‌ನ ಈಗಲೇ ಎಬ್ಬಿಸಬೇಕೋ ಮುಂಜಾನೆ ತನಕ ಕಾಯಬೇಕೋ ಅಂತ ಮೂಗು ಹೇಳ್ತದ.

ನರ್ಸಿನ ಮೂಗು ಎಷ್ಟು ದೂರ ಹೋಗಬಹುದು ಗೊತ್ತೇನು? ಸ್ಕಾಟ್ಲೆಂಡಿನ ಪರ್ತ್‌ನಾಗ ಜಾಯ್ ಮಿಲ್ನ್ ಅಂತ ನಿವೃತ್ತ ನರ್ಸ್. ಗಂಡನ ಮೈವಾಸನೆ ಬದಲಾದದ್ದು ಅವರಿಗೆ ಗೊತ್ತಾಗಿತ್ತು. ಸುಮಾರು ಹನ್ನೆರಡು ವರ್ಷ ಆದ ಮೇಲೆ ಆತಗ ಪಾರ್ಕಿನ್ಸನ್ ಅಂತ ಪತ್ತೆ ಆಯ್ತು. ವಿಜ್ಞಾನಿಗಳು 12 ಜನ ಹಾಕ್ಕೊಂಡಿದ್ದ ಟಿ-ಶರ್ಟ್ ಕೊಟ್ಟು ಪರೀಕ್ಷೆ ಮಾಡಿದ್ರು, ಆರು ರೋಗಿಗಳದ್ದು, ಆರು ಆರೋಗ್ಯವಂತರದ್ದು. ಆರೋಗ್ಯವಂತ ಅಂದವರೊಳಗೆ ಒಬ್ಬರಿಗೂ ಪಾರ್ಕಿನ್ಸನ್ ಅದ ಅಂದ್ರು ಜಾಯ್. ತಪ್ಪು ಅಂತ ಬರ್ಕೊಂಡ್ರು. ಕೆಲವು ತಿಂಗಳಿಗೆ ಆ ಮನುಷ್ಯಾಗೂ ಪಾರ್ಕಿನ್ಸನ್ ಅಂತ ತಿಳೀತು.

ನಾವು ಜಾಯ್ ಮಿಲ್ನ್ ಆಗಬೇಕಿಲ್ಲ. ಇರೋ ಮೂಗು ಕೆಲಸ ಮಾಡ್ಲಿಕತ್ತದೋ ಇಲ್ಲೋ ಅನ್ನೋದು ತಿಳಿದ್ರ ಸಾಕು.

ಭಾಗ 7/8

ಈಗ ನೀವು ಕೇಳ್ತೀರಿ, ‘ಹಂಗಾದ್ರ ಒಂದು ನಿಮಿಷ ಮಾಸ್ಕ್ ಕೆಳಗೆ ಸರಿಸಿ ವಾಸನೆ ನೋಡಿ ಮತ್ತೆ ಹಾಕ್ಕೊಂಡ್ರ ಏನಾಗ್ತದ?’

ಬ್ಯಾಡ. ಟಿಬಿ ಗಾಳಿಯಿಂದ ಬರೋ ಕಾಯಿಲೆ, ಕೆಮ್ಮಿದ ಮೇಲೆ ರೂಮಿನ ಗಾಳಿಯಾಗ ತಾಸುಗಟ್ಟಲೆ ತೇಲ್ತದ. ಕೀಟನಾಶಕ ಕುಡಿದವರ ಬಾಯಿ ಹತ್ತಿರ ಬೇಕಂತಲೇ ಮೂಗು ಒಯ್ಯೋದೂ ಶಾಣ್ಯಾತನ ಅಲ್ಲ. ಮಾಸ್ಕಿಗೆ ಮೂಗು ಕೊಟ್ಟು ಪುಪ್ಪುಸ ಉಳಿಸ್ಕೊಂಡೀವಿ, ಆ ವ್ಯಾಪಾರ ಲಾಭದ್ದೇ. ನಾನು ಕೇಳೋದು ಇಷ್ಟೇ, ಕೊಟ್ಟಿದ್ದನ್ನ ಲೆಕ್ಕದಾಗ ಬರೀರಿ.

ಹೆಂಗ ಅಂದ್ರ:

ಒಂದು. ಚಾರ್ಟಿನಾಗ ‘ದುರ್ವಾಸನೆ ಇಲ್ಲ’ ಅಂತ ಬರೀಬ್ಯಾಡ್ರಿ. ‘ಮಾಸ್ಕ್ ಇತ್ತು, ನನಗೆ ವಾಸನೆ ಬರಲಿಲ್ಲ’ ಅಂತ ಬರೀರಿ. ಎರಡೂ ಒಂದೇ ಮಾತಲ್ಲ. ಮೊದಲನೇದು ಓದಿದವರು ಪಟ್ಟಿ ಬಿಚ್ಚಲ್ಲ. ಎರಡನೇದು ಓದಿದವರು ಬಿಚ್ಚಿ ನೋಡ್ತಾರ.

ಎರಡು. ರೋಗಿ ಜೊತೆ ಕೂತವರನ್ನ ಕೇಳ್ರಿ. ಇಡೀ ರಾತ್ರಿ ಆ ಹಾಸಿಗೆ ಪಕ್ಕದಾಗ ಬರಿ ಮೂಗಿನಿಂದ ಕೂತವರು ಅವರು. ‘ಆಯಿ, ಏನಾದ್ರೂ ವಾಸನಿ ಬರ್ಲಿಕತ್ತದೇನ್ರಿ? ನಿನ್ನೆಗಿಂತ ಜಾಸ್ತಿನೋ ಕಡಿಮೆನೋ?’ ಎರಡು ಪ್ರಶ್ನೆ, ಅರ್ಧ ನಿಮಿಷ. ಕಾಕಾನ ಹೆಂಡ್ತಿ ಓದಿಲ್ಲ, ಆದ್ರ ಅವತ್ತು ಆ ವಾರ್ಡಿನ ಒಳ್ಳೇ ನರ್ಸ್ ಅವರೇ ಆಗಿದ್ರು.

ಮೂರು. ಮೂಗು ಮಾಡೋ ಕೆಲಸ ಕಣ್ಣಿಗೆ ಕೊಡ್ರಿ. ತೆಗೆದ ಗಾಜ್ ಎಸೆಯೋ ಮುಂಚೆ ಬಣ್ಣ ನೋಡ್ರಿ. ಅರೆಪ್ರಜ್ಞೆ ಇದ್ದವರಿಗೆ ವಾಸನೆ ಬಂದ್ರೂ ಬರದಿದ್ರೂ ಗ್ಲೂಕೋಮೀಟರ್ ಹಚ್ಚಿರಿ.

ನಾಲ್ಕು. ಇದು ಕಾಲೇಜಿನವರಿಗೆ, ದವಾಖಾನೆ ನಡೆಸೋರಿಗೆ. ವಾಸನೆಯ ಬಗ್ಗೆ ಒಂದು ಕ್ಲಾಸ್ ಇಡ್ರಿ, ಒಂದೇ ಸಾಕು. ಬೆವರಿನಾಗ ತೊಯ್ದ ಮಾಸ್ಕ್ ಬದಲಿಸಲಿಕ್ಕೆ ಇನ್ನೊಂದು ಕೊಡ್ರಿ. ಒಂದೇ ಮಾಸ್ಕ್ ದಿನಗಟ್ಟಲೆ ಹಾಕಿಸಿ ‘ರೋಗಿನ ಸರಿಯಾಗಿ ನೋಡಲಿಲ್ಲ ಯಾಕ?’ ಅಂತ ಹುಡುಗಿಯರನ್ನ ಬೈಯೋದು ನ್ಯಾಯ ಅಲ್ಲ. ಆಶಾಗಳಿಗೆ 2022ರಾಗ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟಿತು, ಖುಷಿ ಆಯ್ತು. ಪ್ರಶಸ್ತಿ ಜೊತೆ ಮಾಸ್ಕೂ ವೇಳೆಗೆ ಸರಿಯಾಗಿ ಬಂದ್ರ ಇನ್ನೂ ಖುಷಿ.

ಭಾಗ 8/8

ಐದನೇದು ನಿಮಗೆ, ನನಗೆ, ಅವ್ವಗ. ಅದಕ್ಕೇ ಕೊನೆಗೆ ಇಟ್ಟೆ.

ದಿನಾ ಮುಂಜಾನೆ ಡ್ಯೂಟಿಗೆ ಹೋಗೋ ಮುಂಚೆ, ಮಾಸ್ಕ್ ಹಾಕೋ ಮುಂಚೆ, ಒಂದು ಗೊತ್ತಿರೋ ವಾಸನೆ ನೋಡ್ರಿ. ಚಹಾ, ಕೊಬ್ಬರಿ ಎಣ್ಣೆ, ಸೋಪು, ಯಾವುದಾದ್ರೂ. ಬಂತು? ನಡೀರಿ. ಬರಲಿಲ್ಲ, ನೆಗಡಿನೂ ಇಲ್ಲ? ಹಂಗಾದ್ರ ಅದು ಮಾಸ್ಕಿನ ತಪ್ಪಲ್ಲ. ಮಾಸ್ಕ್ ತೆಗೆದ ಮೇಲೆ ವಾಸನೆ ವಾಪಸ್ ಬರಬೇಕು. ಬರದಿದ್ರ ಯಾರಿಗಾದ್ರೂ ಹೇಳ್ರಿ, ಟೆಸ್ಟ್ ಮಾಡಿಸ್ರಿ. ಮನೆಯಾಗ ಗ್ಯಾಸ್ ಸಿಲಿಂಡರ್ ಇದ್ದವರು ಇದನ್ನ ಸಣ್ಣ ಮಾತು ಅನ್ಕೋಬ್ಯಾಡ್ರಿ. ಅಡುಗೆ ಗ್ಯಾಸಿಗೆ ವಾಸನೆ ಇರಲ್ಲ. ಸೋರಿದ್ರ ಗೊತ್ತಾಗ್ಲಿ ಅಂತಲೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಅನ್ನೋ ನಾರೋ ರಾಸಾಯನಿಕ ಬೆರೆಸ್ತಾರ. ಮೂಗು ಹೋದವರಿಗೆ ಆ ಎಚ್ಚರಿಕೆ ಮುಟ್ಟೋದೇ ಇಲ್ಲ.

ಅವ್ವನ ಮೂಗು ಏನಾಯ್ತು ಅಂತ ಕೇಳ್ತೀರಲ್ಲ. ಕೋವಿಡ್ ಮುಖ್ಯವಾಗಿ ಹೊಡೆಯೋದು ವಾಸನೆಯ ನರಕೋಶಗಳನ್ನಲ್ಲ, ಅವಕ್ಕೆ ಆಸರೆಯಾಗಿ ನಿಂತ ಕೋಶಗಳನ್ನ. ವಾಸನೆಯ ನರಕೋಶ ಹೊಸದಾಗಿ ಬೆಳೆಯೋ ಜಾತಿಯವು. ಹಂಗಾಗಿ ಬಹಳ ಮಂದಿಗೆ ವಾಪಸ್ ಬರ್ತದ. ಅವ್ವಗೂ ಬಂತು, ಆದ್ರ ಅಡ್ಡಾದಿಡ್ಡಿ ಬಂತು. ಬೆಳ್ಳುಳ್ಳಿ ಒಗ್ಗರಣೆ ಕೊಟ್ರ ‘ಏನೋ ಕೊಳತದ ನೋಡು’ ಅಂತಿದ್ಲು. ನಾವು ಮೊದಲು ನಗ್ತಿದ್ವಿ. ಒಂದಿನ ತಾಟು ಬಿಟ್ಟು ಎದ್ದು ಹೋಗಿ ಹಿತ್ತಲದಾಗ ಕೂತು ಅತ್ಲು. ಆಮೇಲೆ ನಗಲಿಲ್ಲ. ನಿಮ್ಮ ಮನೆಯಾಗ ಹಂಗ ಯಾರಾದ್ರೂ ಇದ್ರ ನೀವೂ ನಗಬ್ಯಾಡ್ರಿ.

ಜರ್ಮನಿಯ ಥಾಮಸ್ ಹುಮೆಲ್ ಅನ್ನೋ ವಿಜ್ಞಾನಿ ಮತ್ತು ಅವರ ತಂಡ 2009ರಾಗ ಮೂಗಿಗೆ ಒಂದು ತಾಲೀಮು ಹೇಳಿತ್ತು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ನಾಲ್ಕು ವಾಸನೆ, ದಿನಕ್ಕೆ ಎರಡು ಸಲ, 12 ವಾರ. ನರ್ಸಿಂಗ್ ಸೇರಿದ ಮೇಲೆ ಅದನ್ನ ಓದಿ ಅವ್ವಗ ಶುರು ಮಾಡಿಸಿದೆ. ಗುಲಾಬಿಗೆ ಆಳಂದ ಉರುಸಿನಾಗ ತಗೊಂಡ ಅತ್ತರ್ ಬಾಟ್ಲಿ, ಉಳಿದದ್ದು ಮನೆಯಾಗೇ ಇತ್ತು. ತಾಲೀಮಿನಿಂದಲೋ, ದಿನ ಕಳೆದದ್ದಕ್ಕೋ, ಈಗ ಬೆಳ್ಳುಳ್ಳಿ ಬೆಳ್ಳುಳ್ಳಿಯಂಗೇ ಬರ್ತದ ಅಂತಾಳ. ಹೋದ ಎಳ್ಳಮಾಸಿಗೆ ಹೊಲದಾಗ ಭಜ್ಜಿ ಪಲ್ಯದ ಗಡಿಗೆ ಮುಚ್ಚಳ ತೆಗೆದಾಗ ಎಲ್ಲರಿಗಿಂತ ಮೊದಲು ‘ಉಪ್ಪು ಹಾಕ್ರಿ’ ಅಂದಾಕಿ ಅವ್ವನೇ. ಉಪ್ಪಿಗೆ ವಾಸನೆ ಎಲ್ಲಿಂದ ಬರ್ತದ ಅಂತ ನಾ ಕೇಳಲಿಲ್ಲ.

ಅವ್ವ ಈಗಲೂ ಮಾಸ್ಕ್ ಹಾಕ್ಕೊಂಡೇ ಟಿಬಿ ಪೇಶಂಟ್ ಮನೆಗೆ ಹೋಗ್ತಾಳ. ಹೋಗೋ ಮುಂಚೆ ದೇವರ ಗೂಡಿನಾಗಿನ ಲವಂಗ ಒಂದು ಸಲ ಮೂಸಿ ನೋಡ್ತಾಳ.

ನೀವು ನಾಳೆ ಏನು ಮೂಸಿ ನೋಡ್ತೀರಿ? ಕಾಮೆಂಟಿನಾಗ ಬರೀರಿ. ಮತ್ತೆ ಮಾಸ್ಕ್ ಹಾಕ್ಕೊಂಡು ‘ವಾಸನೆ ಇಲ್ಲ’ ಅಂತ ಚಾರ್ಟ್ ಬರೆದವರು ಇದ್ರ ಅದನ್ನೂ ಬರೀರಿ, ನಾ ಬೈಯಲ್ಲ. ಮೊದಲ ಹೆಸರು ನನ್ನದೇ.

#ಆಳಂದ #ಅಫಜಲಪುರ #ಜೇವರ್ಗಿ #ಕಲಬುರಗಿ #ನರ್ಸಿಂಗ್‌ದಿನಚರಿ #ಆಶಾಅವ್ವ #ಮೂಗಿನಮಾತು